ಸೀನಣ್ಣನ ನೇರಳೆ ಸಾಕ್ಷಿ

ಸೀನಣ್ಣನಿಗೆ ಸಿಟ್ಟು ಬರಿಸ್ಲಿಕ್ಕೆ ದೊಡ್ಡ ಕೆಲಸ ಎಂತದೂ ಬೇಡ, ಸುರಂಗದ ಬಾಯಿಯಲ್ಲಿ ನಿಂತು ಒಂದು ಬೊಬ್ಬೆ ಹಾಕಿದರೆ ಸಾಕಿತ್ತು. ಹನ್ನೊಂದು ವರ್ಷ ಅವರು ಅಗೆದ ಮಣ್ಣನ್ನು ಹೊರಗೆ ಎಳೆದವಳು ನಾನು, ಬೆಳ್ಳಾರೆಯ ಲೋಲಾಕ್ಷಿ. ಮೊದಲ ದಿನ ಗಂಜಿ ಊಟದ ಹೊತ್ತಾಯಿತು ಅಂತ ಒಳಗೆ ಮುಖ ಹಾಕಿ ಕೂಗಿದ್ದಕ್ಕೆ ಅವರು ಮೊಣಕಾಲಿನಲ್ಲೇ ತೆವಳಿಕೊಂಡು ಹೊರಗೆ ಬಂದು ಬೈದದ್ದು ಇವತ್ತಿಗೂ ಕಿವಿಯಲ್ಲುಂಟು. ಮೈ ಪೂರ್ತಿ ಕೆಂಪು ಮಣ್ಣು, ಕಣ್ಣು ಎರಡು ಮಾತ್ರ ಕಾಣುತ್ತಿತ್ತು. ಗುಡ್ಡೆಯ ಹೊಟ್ಟೆಯೊಳಗೆ ಶಬ್ದ ಮಾಡಬಾರದು, ಹೇಳ್ಲಿಕ್ಕೆ ಇದ್ದರೆ ಹಗ್ಗ ಎಳೀಬೇಕು ಅಂದರು. ನಾನೂ ಸುಮ್ಮನೆ ಕೇಳಿಸಿಕೊಳ್ಳುವ ಜಾತಿ ಅಲ್ಲ. ಮೊದಲೇ ಹೇಳ್ಲಿಕ್ಕೆ ನಿಮ್ಮ ಬಾಯಿಗೆ ಎಂತ ಆಗಿತ್ತು ಅಂತ ಕೇಳಿದೆ. ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋದೆವು.

ಸುರಂಗ ನೋಡದವರಿಗೆ ಒಂದು ಮಾತು ಹೇಳ್ತೇನೆ. ಬಾವಿಯನ್ನು ಮಲಗಿಸಿದರೆ ಹೇಗೋ ಹಾಗೆ. ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಅಗೆಯುತ್ತಾ ಹೋಗುದು, ನೀರಿನ ಒಸರು ಸಿಗುವವರೆಗೆ. ಒಬ್ಬ ಬಗ್ಗಿ ಹೋಗುವಷ್ಟು ಜಾಗ. ಉದ್ದ ಅಳೆಯುದು ಕೋಲಿನಲ್ಲಿ, ಒಂದು ಕೋಲು ಅಂದರೆ ಎರಡೂವರೆ ಅಡಿಯ ಹತ್ತಿರ. ಒಳಗೆ ಅವರು ಪಿಕ್ಕಾಸಿನಲ್ಲಿ ಅಗೆದು ಟಯರಿನ ಬುಟ್ಟಿಗೆ ತುಂಬಿಸಿ ಹಗ್ಗವನ್ನು ಒಮ್ಮೆ ಎಳೆಯುದು, ಹೊರಗೆ ನಾನು ಬುಟ್ಟಿ ಎಳೆದು ಮಣ್ಣು ಚೆಲ್ಲುದು. ಹೊರಗಿನಿಂದ ನಾನು ಎರಡು ಸಲ ಎಳೆದರೆ ಊಟ. ಮೂರು ಸಲ ಎಳೆದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರಗೆ ಬರಬೇಕು. ಹನ್ನೊಂದು ವರ್ಷದಲ್ಲಿ ಮೂರು ಸಲ ಎಳೆದದ್ದು ಒಟ್ಟು ನಾಲ್ಕೇ ಬಾರಿ.

ಈ ಕೆಲಸ ಸೀನಣ್ಣನಿಗೆ ಕಲಿಸಿದ್ದು ಅವರ ಸೋದರಮಾವ. ಮಾವ ಎಪ್ಪತ್ತೆಂಟು ವರ್ಷ ಬದುಕಿ ಹಾಸಿಗೆಯಲ್ಲೇ ತೀರಿಕೊಂಡವರು, ಸುರಂಗ ಅಗೆಯುವವರಲ್ಲಿ ಅದು ಸಣ್ಣ ವಿಷಯ ಅಲ್ಲ. ಅವರು ಅಳಿಯನಿಗೆ ಬಿಟ್ಟು ಹೋದದ್ದು ಎರಡು ಸಾಕ್ಷಿ. ಒಂದು ಮೇಣದ ಬತ್ತಿ. ಬತ್ತಿ ಸಣ್ಣದಾದರೆ ಒಳಗಿನ ಗಾಳಿ ಕೆಟ್ಟಿದೆ ಅಂತ ಲೆಕ್ಕ. ಇನ್ನೊಂದು ಗ್ಲಾಸು. ಮಾಡಿನಲ್ಲಿ, ಅಂದರೆ ಸುರಂಗದ ತಲೆಯ ಮೇಲೆ, ಬಿರುಕು ಕಂಡರೆ ಅದರ ಅಡ್ಡಕ್ಕೆ ಲಾಟೀನಿನ ಚಿಮಿಣಿ ಗ್ಲಾಸಿನ ತೆಳು ಚೂರೊಂದನ್ನು ಎರಡೂ ಬದಿಗೆ ಸುಣ್ಣ ಕಲಸಿದ ಮಣ್ಣಿನಲ್ಲಿ ಅಂಟಿಸುದು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗ್ಲಾಸು ಟಿಕ್ ಅಂತ ಒಡೆಯುತ್ತದೆ. ಒಡೆದರೆ ಹೊರಗೆ. ಯಜಮಾನ ಬೈಯಲಿ, ನೀರು ಇನ್ನೊಂದು ಗೇಣಿನಲ್ಲಿ ಇರಲಿ, ಹೊರಗೆ. ಒಡೆಯದಿದ್ದರೆ ಹೆದರ್ಲಿಕ್ಕೆ ಇಲ್ಲ. ಒಳಗೆ ಹೋದವ ಜೀವದಲ್ಲಿ ಹೊರಗೆ ಬರಬೇಕಾದರೆ ಅಷ್ಟು ಗೊತ್ತಿದ್ದರೆ ಸಾಕು ಅಂತ ಮಾವ ಹೇಳಿದ್ದರಂತೆ. ಸೀನಣ್ಣ ದೇವರಿಗೆ ಎಷ್ಟು ಹೆದರುತ್ತಿದ್ದರೋ ಗೊತ್ತಿಲ್ಲ, ಆ ಗ್ಲಾಸಿನ ಮಾತು ಮಾತ್ರ ಒಂದು ದಿನವೂ ಮೀರಿದವರಲ್ಲ.

ಆಳು ಐದಡಿ. ನನ್ನನ್ನು ದೇವರು ಸುರಂಗಕ್ಕೆಂದೇ ಅಳತೆ ತೆಗೆದು ಮಾಡಿದ್ದು ಅಂತ ಅವರೇ ನಗುತ್ತಿದ್ದರು. ಚಾಗೆ ಮೂರು ಚಮಚ ಸಕ್ಕರೆ ಬೇಕು, ಬಸ್ಸಿನಲ್ಲಿ ಕಿಟಕಿ ಬದಿ ಸೀಟು ಬೇಕು. ಇನ್ನು ಎಷ್ಟು ಕೋಲು ಉಂಟು ಅಂತ ಯಾರಾದರೂ ಕೇಳಿದರೆ ಮುಖ ಊದಿಸಿ ಬೀಡಿ ಹಚ್ಚುದು. ಹೆಂಡತಿ ಸೀತಕ್ಕನನ್ನು ಊರಿಡೀ ಹೊಗಳುದು, ಮನೆಯಲ್ಲಿ ಅವರ ಸಾರಿಗೆ ಉಪ್ಪಿಲ್ಲ ಅಂತ ಜಗಳ. ನನ್ನ ಗಂಡ ತೀರಿಕೊಂಡ ವರ್ಷ ಯಾರೂ ಕೆಲಸಕ್ಕೆ ಕರೆಯದಿದ್ದಾಗ, ಹೆಂಗಸು ಮಣ್ಣು ಎಳೆದರೆ ಗುಡ್ಡೆಗೆ ಗೊತ್ತಾಗುದಿಲ್ಲ ಮಾರಾಯ್ತಿ, ನೀನು ಬಾ ಅಂತ ಕರೆದವರು ಅವರು. ಅದನ್ನು ನಾನು ಸಾಯುವವರೆಗೆ ಮರೆಯುವವಳಲ್ಲ.

ಕಳೆದ ವರ್ಷ ಜನವರಿಯಲ್ಲಿ ಬೆಟ್ಟಂಪಾಡಿಯ ಸಂಪ್ರೀತ್ ರೈಗಳ ಮನೆಯಿಂದ ಕರೆ ಬಂತು. ಅವರ ಅಂಗಳದಲ್ಲಿ ಎರಡು ಬೋರ್‌ವೆಲ್ಲು, ಎರಡರಲ್ಲೂ ಏಳುನೂರು ಅಡಿಗೆ ಬರೀ ಹೊಗೆಯಂಥ ಧೂಳು. ಸೀನಣ್ಣ ಮನೆಯ ಹಿಂದಿನ ಗುಡ್ಡೆಗೆ ಒಂದು ಸುತ್ತು ಬಂದು, ದೂಪದ ಮರದ ಬುಡ ನೋಡಿ, ಹುತ್ತ ನೋಡಿ, ಇಲ್ಲಿ ಅಂತ ಕತ್ತಿಯಲ್ಲಿ ಗೀಟು ಹಾಕಿದರು. ಸಂಪ್ರೀತಣ್ಣ ಒಳ್ಳೆಯವರೇ, ಗಡಿಬಿಡಿ ಮಾತ್ರ ಜಾಸ್ತಿ. ಅವರ ಹೆಂಡತಿ ತೃಪ್ತಿಯಕ್ಕ ಕಲ್ಲುಮಣ್ಣಿನ ವಿಷಯವನ್ನೇ ಓದಿ ಕಾಲೇಜಿನಲ್ಲಿ ಪಾಠ ಮಾಡುವವರು. ಆ ದಿನಗಳಲ್ಲಿ ಪರೀಕ್ಷೆ, ಪೇಪರು ತಿದ್ದುದು ಅಂತ ಮಂಗಳೂರಿನಲ್ಲೇ ಉಳಿದಿದ್ದರು. ಅವರು ಮನೆಯಲ್ಲಿ ಇರುತ್ತಿದ್ದರೆ ಅಂತ ನಾನು ಎಷ್ಟು ಸಲ ನೆನೆಸಿದ್ದೇನೋ.

ಹತ್ತನೇ ಕೋಲಿನಲ್ಲಿ ಗಟ್ಟಿ ಬಂಡೆಯೊಂದು ಅಡ್ಡ ಬಂತು. ಸೀನಣ್ಣ ಅದನ್ನು ಬಿಟ್ಟು ಎಡಕ್ಕೆ ತಿರುಗಿಸಿದರು. ಅಲ್ಲಿಂದ ಮುಂದೆ ಬಾಯಿಯಲ್ಲಿ ನಿಂತರೆ ಅವರು ಕಾಣುತ್ತಿರಲಿಲ್ಲ, ಬತ್ತಿಯ ಬೆಳಕು ಮಾತ್ರ ಗೋಡೆಗೆ ಬಿದ್ದದ್ದು ಕಾಣುತ್ತಿತ್ತು. ಹದಿಮೂರನೇ ಕೋಲಿಗೆ ಮುರಕಲ್ಲಿನ ಕೆಂಪು ಗಟ್ಟಿ ಪದರ ಮುಗಿದು ಶೇಡಿಮಣ್ಣು ಬಂತು. ಬಿಳೀ ಮಣ್ಣು, ಉಗುರು ಹಾಕಿದರೆ ಬೆಣ್ಣೆಯ ಹಾಗೆ ಬರುತ್ತದೆ. ಹದಿನಾಲ್ಕರಲ್ಲಿ ಬುಟ್ಟಿ ಹೊರಗೆ ಎಳೆದು ಬಿಸಿಲಿಗೆ ಚೆಲ್ಲಿದೆ ನೋಡಿ, ಮಣ್ಣಿಡೀ ಮಿನುಗಿತು.

ಕಾಗೆಬಂಗಾರ ನಾನು ನೋಡದ್ದಲ್ಲ. ಶಾಲೆಗೆ ಹೋಗುವಾಗ ಹೆಕ್ಕಿ ಪುಸ್ತಕದೊಳಗೆ ಇಟ್ಟದ್ದುಂಟು, ಬೆಳ್ಳಿಯ ಬಣ್ಣದ್ದು, ಕಪ್ಪಿನದ್ದು. ಇದು ಹಾಗಲ್ಲ. ಬದನೆ ಹೂವಿನ ಬಣ್ಣ. ಸಣ್ಣ ಚಕ್ಕೆಗಳು ಸೇರಿದ ಉಂಡೆಯನ್ನು ಕೈಯಲ್ಲಿ ಹಿಸುಕಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ನಡುವೆ ಎಲ್ಲೋ ಒಂದೊಂದು ಅಂಗೈಯಗಲದ ಗಡ್ಡೆ, ಅದಕ್ಕೆ ಉಗುರು ಕೊಟ್ಟರೆ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ಚಂದದ ವಸ್ತು ಆ ಗುಡ್ಡೆಯೊಳಗೆ ಯಾರಿಗಾಗಿ ಕುಳಿತಿತ್ತು ಅಂತ ಅನಿಸಿತು. ಚಂದ ನೋಡಿ ನನಗೆ ಖುಷಿಯೇ ಆದದ್ದು, ಸುಳ್ಳು ಹೇಳುದಿಲ್ಲ.

ಮತ್ತೆ ಅದು ಎಲ್ಲ ಕಡೆ ಬಂತು. ನನ್ನ ಗಂಜಿಯ ಬಟ್ಟಲಿನಲ್ಲಿ, ಸೀನಣ್ಣನ ಮೀಸೆಯಲ್ಲಿ, ಬೀಡಿಯ ಕಟ್ಟಿನಲ್ಲಿ. ಎಷ್ಟು ತೊಳೆದರೂ ತಲೆದಿಂಬು ಹೊಳೆಯುತ್ತದೆ ಅಂತ ಸೀತಕ್ಕ ಫೋನಿನಲ್ಲಿ ದೂರು ಹೇಳಿದರು. ಅದೇ ವಾರ ಸುರಂಗದ ಬಾಯಿಯ ಹತ್ತಿರ ಬಂದು ನೇತಾಡುತ್ತಿದ್ದ ಬಾವಲಿಗಳು ಒಂದೇ ದಿನದಲ್ಲಿ ಖಾಲಿ. ಒದ್ದೆಯಲ್ಲಿ ಕೂರುತ್ತಿದ್ದ ಕಪ್ಪೆಗಳೂ ಇಲ್ಲ. ನಾನು ಹೇಳಿದಾಗ ಸೀನಣ್ಣ ಬತ್ತಿಯ ವಾಸನೆಗೆ ಹೋಗಿರಬೇಕು ಅಂದರು. ಹನ್ನೊಂದು ವರ್ಷ ಬತ್ತಿ ಉರಿಸಿದ್ದೇವೆ, ಹಾಗೆ ಹೋದದ್ದು ನಾನು ಕಂಡಿರಲಿಲ್ಲ.

ಒಂದು ದಿನ ನಾನು ಹಗ್ಗ ಎಳೆಯದೆ ಅವರು ತಾವೇ ಹೊರಗೆ ಬಂದರು. ಬತ್ತಿಯ ಮೇಲೆ ಮಾಡಿನಿಂದ ಒಂದು ಚಕ್ಕೆ ಬಿದ್ದು ಉರಿ ಕೆಂಪಾಯಿತಂತೆ. ಮಾಮೂಲಿ ಹಳದಿ ಅಲ್ಲ, ರಕ್ತದ ಕೆಂಪು, ಎರಡು ಉಸಿರಿನಷ್ಟು ಹೊತ್ತು. ನಲವತ್ತು ವರ್ಷದಲ್ಲಿ ಅಂಥದ್ದು ನೋಡಿಲ್ಲ ಅಂದರು. ಆ ದಿನ ಮತ್ತೆ ಒಳಗೆ ಹೋಗಲಿಲ್ಲ. ಜಾಗದ ದೈವ ಗುಳಿಗನಿಗೆ ಬೊಂಡ, ಅಂದರೆ ಎಳನೀರು, ಒಪ್ಪಿಸುತ್ತೇನೆ ಅಂತ ಹರಕೆ ಹೇಳಿಕೊಂಡರು. ನಾನೂ ಕೈ ಮುಗಿದೆ. ಹೆದರಬೇಕಾದ್ದು ಬಿಟ್ಟು ಬೇರೆಯದ್ದಕ್ಕೆ ಹೆದರಿದೆವು ಅಂತ ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಹದಿನಾರನೇ ಕೋಲಿನ ಮಾಡಿನಲ್ಲಿ ಬಿರುಕು ಕಂಡಿತು. ಗ್ಲಾಸು ಅಂಟಿಸಿದರು, ಎರಡೇ ದಿನಕ್ಕೆ ಒಡೆಯಿತು. ಹೊರಗೆ ಬಂದು ಒಂದು ದಿನ ಕಾದು, ಅಡಿಕೆ ಮರದ ಕಂಬ ಆಧಾರ ಕೊಟ್ಟು, ಮತ್ತೆ ಗ್ಲಾಸು. ಅದೂ ಒಡೆಯಿತು. ಮತ್ತೊಂದು ಕಂಬ, ಮತ್ತೊಂದು ಗ್ಲಾಸು, ಅದೂ ಹೋಯಿತು. ಮಾವನ ಕಾಲದ ತಗಡಿನ ಡಬ್ಬದಲ್ಲಿ ಅಲ್ಲಿಗೆ ಚಿಮಿಣಿ ಗ್ಲಾಸು ಮುಗಿಯಿತು. ಈಗ ಲಾಟೀನು ಯಾರ ಮನೆಯಲ್ಲುಂಟು? ಹಳೇ ಟ್ಯೂಬ್‌ಲೈಟು ಒಡೆದು ನೋಡಿದರು, ಹೆಬ್ಬೆರಳು ಸೀಳಿ ಹೋಯಿತು. ನನ್ನ ಮೊಬೈಲಿನ ಗ್ಲಾಸು ಕೊಡ್ಲಾ ಅಂತ ನಾನು ತಮಾಷೆ ಮಾಡಿದ್ದಕ್ಕೆ ನಗಲೂ ಇಲ್ಲ. ಸಂಜೆ ಸಂಪ್ರೀತಣ್ಣ ಬಂದು ನೀರಿನ ವಿಷಯ ಕೇಳಿದರೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಗುಡ್ಡೆ ತನ್ನನ್ನು ಆಟ ಆಡಿಸುತ್ತಾ ಉಂಟು ಅಂತ ಅವರಿಗೆ ಅವಮಾನ.

ಮರುದಿನ ಬೆಳಿಗ್ಗೆ ಅವರು ಮಣ್ಣಿನ ರಾಶಿಯಿಂದ ಒಂದು ನೇರಳೆ ಗಡ್ಡೆ ಹೆಕ್ಕಿ, ಬ್ಲೇಡಿನಲ್ಲಿ ಒಂದು ಹಾಳೆ ಬಿಚ್ಚಿ, ಬಿಸಿಲಿಗೆ ಹಿಡಿದರು. ಅದರೊಳಗಿಂದ ಗುಡ್ಡೆ, ಆಕಾಶ ಎಲ್ಲ ತಿಳಿ ನೇರಳೆಯಾಗಿ ಕಂಡಿತಂತೆ.

"ಗ್ಲಾಸಿಗಿಂತ ತೆಳು ಉಂಟು. ಗ್ಲಾಸಿಗಿಂತ ಮೊದಲು ಒಡೆಯಬೇಕು ಇದು," ಅಂದರು. "ಗುಡ್ಡೆಯೇ ಕೊಟ್ಟ ಸಾಕ್ಷಿ, ಲೋಲಾಕ್ಷಿ."

ಹೌದು ಅಂದೆ. ಅವರೊಬ್ಬರೇ ಹೇಳಿದ್ದಲ್ಲ, ನಾನೂ ಹೌದು ಅಂದೆ. ಪುಡಿ ಪುಡಿಯಾಗುವ ವಸ್ತು ಅಂತ ನನ್ನ ಕೈಗೂ ಗೊತ್ತಿತ್ತಲ್ಲ! ಅವರು ಅದನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿದು, ಉಸಿರು ಬಿಗಿಹಿಡಿದು ಒಳಗೆ ಒಯ್ದರು. ನಲವತ್ತು ವರ್ಷ ಚಿಮಿಣಿ ಗ್ಲಾಸು ಹಿಡಿದ ಕೈ ಅದು. ಗ್ಲಾಸಿನಂಥದ್ದನ್ನು ಒಮ್ಮೆ ಬಗ್ಗಿಸಿ ನೋಡುವ ಎಂದು ಆ ಕೈಗೆ ಹೇಗೆ ತೋಚಬೇಕು?

ಬಿರುಕಿನ ಅಡ್ಡಕ್ಕೆ ಅಂಟಿಸಿದ ಹಾಳೆ ಒಡೆಯಲಿಲ್ಲ. ಎರಡು ದಿನ ಆಯಿತು, ಮೂರು ಆಯಿತು. ನಾಲ್ಕನೇ ದಿನ ಸೀನಣ್ಣ ಬಸ್ಸಿನಲ್ಲಿ ಕಿಟಕಿ ಸೀಟನ್ನು ನನಗೆ ಬಿಟ್ಟುಕೊಟ್ಟರು, ಅಷ್ಟು ಖುಷಿ. ಗುಡ್ಡೆ ಕೂತಿತು, ಇನ್ನು ಅಲ್ಲಾಡುದಿಲ್ಲ ಅಂದರು. ಗೋಡೆ ಬೆವರಲಿಕ್ಕೆ ಶುರುವಾಗಿತ್ತು, ನೀರು ಹತ್ತಿರ ಬಂದ ಲಕ್ಷಣ. ಹದಿನೆಂಟು ಕೋಲು ದಾಟಿತು. ನನಗೆ ಮಾತ್ರ ಒಳ್ಳೆಯದಾಗಿ ಕಾಣಲಿಲ್ಲ. ಅವರು ಅಗೆಯುದು ನಿಲ್ಲಿಸಿದಾಗಲೂ ಒಳಗೆ ಎಲ್ಲೋ ಮಣ್ಣು ಸುರಿಯುವ ಶಬ್ದ, ಅಕ್ಕಿ ಕೇರುವಾಗ ಬರುವಂಥದ್ದು. ಅಡಿಕೆ ಕಂಬ ಒಮ್ಮೊಮ್ಮೆ ಕಿರ್ ಅನ್ನುತ್ತಿತ್ತು. ನಾನು ಕಿರಿಕಿರಿ ಮಾಡಿದ್ದಕ್ಕೆ ಐದನೇ ದಿನ ಅವರು ನನ್ನನ್ನೇ ಒಳಗೆ ಕರೆದುಕೊಂಡು ಹೋಗಿ ಬತ್ತಿ ಎತ್ತಿ ತೋರಿಸಿದರು. ಹಾಳೆ ಇದ್ದಲ್ಲೇ ಇತ್ತು. ಒಂದು ಗೀರಿಲ್ಲ. ನಡುವೆ ಸ್ವಲ್ಪ ಹೊಟ್ಟೆ ಬಂದ ಹಾಗೆ ಉಬ್ಬಿತ್ತು. ಮಣ್ಣು ಒದ್ದೆಯಾಗಿ ಊದಿರಬೇಕು ಅಂತ ನಾನೇ ನನಗೆ ಹೇಳಿಕೊಂಡೆ. ನೋಡಿದೆ, ಕಣ್ಣಾರೆ ನೋಡಿದೆ, ನೋಡಿ ವಾಪಸು ಬಂದೆ.

ಆರನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ತೃಪ್ತಿಯಕ್ಕನ ಕಾರು ಬಂತು. ಸಂಪ್ರೀತಣ್ಣ ಕಳಿಸಿದ ಫೋಟೋ ನೋಡಿ ರಜೆ ಹಾಕಿ ಬಂದದ್ದಂತೆ. ನಾನು ಆಗಷ್ಟೇ ಬುಟ್ಟಿ ಖಾಲಿ ಮಾಡಿ ಒಳಗೆ ಬಿಟ್ಟು, ನೀರು ಕುಡಿಯಲಿಕ್ಕೆ ಅಂಗಳಕ್ಕೆ ಇಳಿದಿದ್ದೆ. ಅಂಗಳದಲ್ಲಿ ಹೆಕ್ಕಿಟ್ಟಿದ್ದ ಒಂದು ಗಡ್ಡೆಯನ್ನು ಅವರು ನನ್ನ ಕೈಯಿಂದ ತೆಗೆದುಕೊಂಡವರು ಸಣ್ಣ ಮಕ್ಕಳ ಹಾಗೆ ಜಗಲಿಯಲ್ಲೇ ಕೂತರು. ಲೆಪಿಡೋಲೈಟ್ ಅಂತ ಇದರ ಹೆಸರಂತೆ. ಅಭ್ರಕದ, ಅಂದರೆ ನಮ್ಮ ಕಾಗೆಬಂಗಾರದ ಜಾತಿಯೇ, ಆದರೆ ಒಳಗೆ ಲಿಥಿಯಂ ಉಂಟು, ನಮ್ಮ ಮೊಬೈಲಿನ ಬ್ಯಾಟರಿಗೆ ಹಾಕುವಂಥದ್ದು. ಭೂಮಿಯೊಳಗೆ ಕಲ್ಲು ಕರಗಿ ತಣಿಯುವಾಗ ಎಲ್ಲಕ್ಕಿಂತ ಕೊನೆಗೆ ಉಳಿದ ರಸ ಬಿರುಕಿನಲ್ಲಿ ಹೊಕ್ಕು ಗಟ್ಟಿಯಾದರೆ ಅಲ್ಲಿ ಮಾತ್ರ ಇದು ಹುಟ್ಟುದಂತೆ. ಸಿಕ್ಕಿದರೂ ಸಕ್ಕರೆಯಂಥ ಪುಡಿ ಸಿಗುತ್ತದೆ, ಇಷ್ಟಗಲದ ಹಾಳೆ ಸಿಗುದು ಬಹಳ ಅಪರೂಪ ಅಂದರು. ಅಡುಗೆಮನೆಯಿಂದ ಗ್ಯಾಸ್ ಲೈಟರು ತಂದು ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಸುಟ್ಟರು. ಉರಿ ಕೆಂಪಾಯಿತು. ಲಿಥಿಯಂ ಇದ್ದರೆ ಹಾಗೆಯೇ, ಹೆದರ್ಲಿಕ್ಕೆ ಎಂತದೂ ಇಲ್ಲ ಅಂದರು. ನನಗೆ ಎದೆಯ ಭಾರ ಇಳಿದ ಹಾಗಾಯಿತು. ಸೀನಣ್ಣ ಹೊರಗೆ ಬಂದಾಗ ಗುಳಿಗನ ಬೊಂಡ ಇನ್ನು ನೀವೇ ಕುಡಿಯಿರಿ ಅಂತ ತಮಾಷೆ ಮಾಡಬೇಕು ಅಂದುಕೊಂಡೆ.

ಆಮೇಲೆ ಅವರು ಒಂದು ಹಾಳೆ ಬಿಚ್ಚಿದರು. ಬಿಚ್ಚಿ ಎರಡು ತುದಿ ಹಿಡಿದು, ವೀಳ್ಯದೆಲೆ ಮಡಚುವ ಹಾಗೆ ಬಗ್ಗಿಸಿದರು. ನಾನು ಅಯ್ಯೋ ಒಡೆಯಿತು ಅಂದುಕೊಂಡೆ. ಕೈ ಬಿಟ್ಟರು. ಹಾಳೆ ಮೊದಲಿನ ಹಾಗೆ ನೆಟ್ಟಗಾಯಿತು.

"ಅದು ಒಡೆಯುದಿಲ್ವಾ ಅಕ್ಕ?" ಅಂತ ಕೇಳಿದೆ.

"ಇಲ್ಲ ಲೋಲಾಕ್ಷಿಯಕ್ಕ, ಅಭ್ರಕದ ಗುಣವೇ ಅದು. ಎಷ್ಟು ಬಗ್ಗಿಸಿದರೂ ಬಗ್ಗುತ್ತದೆ, ಬಿಟ್ಟರೆ ವಾಪಸು ಬರುತ್ತದೆ."

ಹೊಟ್ಟೆ ಬಂದ ಹಾಗೆ ಉಬ್ಬಿದ ಹಾಳೆ ಕಣ್ಣ ಮುಂದೆ ಬಂತು. ಆರು ದಿನದಿಂದ ಬಿರುಕಿನ ಒಂದು ಬದಿ ಮೆಲ್ಲ ಕೆಳಗೆ ಜರಗುತ್ತಾ ಇತ್ತು, ಸಾಕ್ಷಿ ಬಗ್ಗಿಕೊಂಡು ಬಾಯಿ ಮುಚ್ಚಿ ಕೂತಿತ್ತು. ನಾನು ಕೈಯಲ್ಲಿದ್ದ ಚೊಂಬು ಅಲ್ಲೇ ಬಿಟ್ಟು ಗುಡ್ಡೆಗೆ ಓಡಿದೆ. ಹಿಂದಿನಿಂದ ತೃಪ್ತಿಯಕ್ಕ, ಒಳಗೆ ಯಾರಾದರೂ ಇದ್ದಾರಾ ಅಂತ ಕೇಳಿದ್ದು ಕಿವಿಗೆ ಬಿತ್ತು, ನಾನು ನಿಲ್ಲಲಿಲ್ಲ.

ಸುರಂಗದ ಬಾಯಿಯಲ್ಲಿ ನಿಂತು ಹಗ್ಗ ಹಿಡಿದು ಮೂರು ಸಲ ಎಳೆದೆ. ಅಗೆಯುವ ಶಬ್ದ ನಿಂತಿತು. ಗೋಡೆಯ ಮೇಲಿನ ಬೆಳಕು ಸ್ವಲ್ಪ ಎತ್ತರಕ್ಕೆ ಹೋಯಿತು. ಅವರು ಬತ್ತಿ ಎತ್ತಿ ಸಾಕ್ಷಿ ನೋಡುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಬೆಳಕು ಕೆಳಗೆ ಬಂತು. ಹಗ್ಗ ಒಮ್ಮೆ ಜಗ್ಗಿತು. ಬುಟ್ಟಿ ತುಂಬಿದೆ, ಎಳಿ.

ಮತ್ತೆ ಮೂರು ಸಲ ಎಳೆದೆ. ಮತ್ತೆ ಒಂದೇ ಜಗ್ಗು ಬಂತು.

ಆಗ ನಾನು ಬೊಬ್ಬೆ ಹಾಕಿದೆ. ಹನ್ನೊಂದು ವರ್ಷದ ನಂತರ ಮೊದಲ ಸಲ. ಹೊರಗೆ ಬನ್ನಿ ಅಂತ ಕೂಗಿದೆ. ತಿರುವಿನ ಆಚೆಯಿಂದ ಅವರ ದನಿ ಬಂತು. ಬೈಗುಳ ಬರುತ್ತದೆ ಅಂದುಕೊಂಡಿದ್ದೆ, ಬೈಯಲಿಲ್ಲ. ನನ್ನನ್ನು ಸಮಾಧಾನ ಮಾಡುವ ದನಿ ಅದು.

"ಸಾಕ್ಷಿ ಸರಿ ಉಂಟು ಮಾರಾಯ್ತಿ. ಒಡೆಯಲಿಲ್ಲ."

"ಅದು ಒಡೆಯುವ ವಸ್ತುವೇ ಅಲ್ಲ ಸೀನಣ್ಣ. ಅದು ಬಗ್ಗುತ್ತದೆ."

ಪಿಕ್ಕಾಸು ಕೆಳಗೆ ಇಟ್ಟದ್ದು ಕೇಳಿತು. ಎಸೆದದ್ದಲ್ಲ, ದಿನಾ ಸಂಜೆ ಇಡುವ ಹಾಗೆ ಮೆಲ್ಲ ಇಟ್ಟದ್ದು. ಅವರಿಗೆ ಅರ್ಥ ಆಯಿತು. ಬೆಳಕು ನನ್ನ ಕಡೆಗೆ ಬರಲಿಕ್ಕೆ ಶುರುವಾಯಿತು, ಗೋಡೆಯಲ್ಲಿ ಅವರ ನೆರಳು ದೊಡ್ಡದಾಯಿತು. ಅಷ್ಟರಲ್ಲಿ ಮಾಡು ಕುಸಿದು ಕೂತಿತು. ದೊಡ್ಡ ಶಬ್ದ ಕೂಡ ಇಲ್ಲ, ಅಟ್ಟದಿಂದ ಅಕ್ಕಿ ಮುಡಿ ಇಳಿಸಿದ ಹಾಗೆ ಒಂದು ಸದ್ದು. ಬೆಳಕು ಹೋಯಿತು. ಹಗ್ಗ ನನ್ನ ಕೈಯಲ್ಲೇ ಇತ್ತು, ಎಳೆದರೆ ಬರಲಿಲ್ಲ.

ನನ್ನ ಬೊಬ್ಬೆಗೆ ಬಿತ್ತಾ ಅಂತ ತೃಪ್ತಿಯಕ್ಕನ ಹತ್ತಿರ ಎಷ್ಟೋ ಸಲ ಕೇಳಿದ್ದೇನೆ. ಅಲ್ಲ ಅಂತ ಹೇಳ್ತಾರೆ. ಶೇಡಿಯ ನಡುವೆ ಹಾಳೆ ಹಾಳೆಯಾಗಿ ಇದು ಕೂತಿದ್ದು, ನೀರು ತಾಗಿದ ಮೇಲೆ ಒಂದರ ಮೇಲೆ ಒಂದು ಜಾರಿದ್ದು, ಯಾರೂ ಕೂಗದಿದ್ದರೂ ಆ ಮಾಡು ನಿಲ್ಲುತ್ತಿರಲಿಲ್ಲ ಅಂತ. ಹೇಳುವಾಗ ಅವರ ಕಣ್ಣಲ್ಲೂ ನೀರು. ನಾನು ತಲೆ ಆಡಿಸುತ್ತೇನೆ, ನಂಬಿಕೆ ಮಾತ್ರ ಅರ್ಧವೇ ಬರುದು.

ಪುತ್ತೂರಿನಿಂದ ಅಗ್ನಿಶಾಮಕದವರು ಬಂದರು. ಯಂತ್ರ ಹಚ್ಚಿದರೆ ಉಳಿದದ್ದೂ ಬೀಳುತ್ತದೆ ಅಂತ ಕೈಯಲ್ಲೇ ತೆಗೆಯಬೇಕಾಯಿತು, ಊರವರೆಲ್ಲ ಸಾಲು ನಿಂತು ಬುಟ್ಟಿ ದಾಟಿಸಿದರು. ಸೀನಣ್ಣ ಮರುದಿನ ಬೆಳಿಗ್ಗೆ ಸಿಕ್ಕಿದರು. ಮುಖ ಸುರಂಗದ ಬಾಯಿಯ ಕಡೆಗೆ ಇತ್ತು. ಸಾಕ್ಷಿ ಅಂಟಿಸಿದ ಜಾಗದಿಂದ ಎರಡು ಕೋಲು ಈಚೆಗೆ ಬಂದಿದ್ದರು. ಮಾಡಿನ ಒಂದು ಹೆಂಟೆಗೆ ಆ ಹಾಳೆ ಇನ್ನೂ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡೆ, ಯಾಕೆ ಅಂತ ಆಗ ಗೊತ್ತಿರಲಿಲ್ಲ.

ಸೀತಕ್ಕ ಅಳಲಿಲ್ಲ. ಹನ್ನೆರಡು ದಿನವೂ ಅಳಲಿಲ್ಲ. ಸಿಟ್ಟಿನಲ್ಲಿದ್ದರು. ಕೊನೆಯ ದಿನದ ಕ್ರಿಯೆಗೆ, ಬೊಜ್ಜಕ್ಕೆ, ಬಂದವರೆಲ್ಲ ಹೋದ ಮೇಲೆ ನನ್ನನ್ನು ಹಿಂಬದಿ ಜಗಲಿಗೆ ಕರೆದು ಕೂರಿಸಿ ಕೇಳಿದರು.

"ಸಾಕ್ಷಿ ಒಡೆದದ್ದು ಕಂಡೂ ಒಳಗೆ ಕೂತಿದ್ರಾ? ನೀರಿನ ಆಸೆಗೆ ನನ್ನನ್ನು ಮರೆತರಾ?"

ನಾನು ಸೆರಗಿನ ಗಂಟು ಬಿಚ್ಚಿ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿದುಕೊಂಡರು, ಸೀನಣ್ಣ ಹಿಡಿಯುತ್ತಿದ್ದ ಹಾಗೆಯೇ. ಬಗ್ಗಿಸಿ ನೋಡಿ ಅಂದೆ. ಬೇಡ, ಒಡೆದು ಹೋಗುತ್ತದೆ ಅಂದರು. ಬಗ್ಗಿಸಿ ಸೀತಕ್ಕ ಅಂತ ಮತ್ತೊಮ್ಮೆ ಹೇಳಿದೆ. ಹೆದರಿ ಹೆದರಿ ಸ್ವಲ್ಪ ಬಗ್ಗಿಸಿದರು. ಇನ್ನೂ ಸ್ವಲ್ಪ ಬಗ್ಗಿಸಿದರು. ಎರಡು ತುದಿ ಹತ್ತಿರ ಹತ್ತಿರ ಬಂದವು. ಕೈ ಬಿಟ್ಟರು, ನೆಟ್ಟಗಾಯಿತು. ಮತ್ತೊಮ್ಮೆ ಬಗ್ಗಿಸಿ ಬಿಟ್ಟರು. ಮೂರನೇ ಸಲ ಬಗ್ಗಿಸುವಾಗ ಅಳು ಬಂತು. ಒಡೆಯಲಿಲ್ಲವಾ, ಅವರಿಗೆ ಗೊತ್ತೇ ಆಗಲಿಲ್ಲವಾ ಅಂತ ಕೇಳುತ್ತಾ, ಕತ್ತಲಾಗುವವರೆಗೂ ಅದನ್ನು ಬಗ್ಗಿಸುತ್ತಾ ಬಿಡುತ್ತಾ ಕೂತಿದ್ದರು.